ಮದುವೆಯ ಹೊಸತರಲ್ಲೇ ತಿಂಗಳು ನಿಂತರೆ: ಕಿಟ್‌ನಿಂದ ತಾಯಿ ಕಾರ್ಡ್‌ವರೆಗೆ

ಎರಡು ವರ್ಷ ಮಕ್ಕಳು ಬೇಡ ಎಂದು ಗಂಡ ಹೆಂಡತಿ ಮಾತಾಡಿಕೊಂಡಿರುತ್ತೀರಿ. ಬೀಗರೂಟದ ಬಾಕಿ ಲೆಕ್ಕವೇ ಚುಕ್ತಾ ಆಗಿರುವುದಿಲ್ಲ, ಅಷ್ಟರಲ್ಲಿ ತಿಂಗಳು ನಿಂತಿರುತ್ತದೆ. ಗಾಬರಿಯಲ್ಲಿ ಕೆಲವರು ಅಂದೇ ರಾತ್ರಿ ಕಿಟ್ ತಂದು ನೋಡಿ ಒಂದೇ ಗೆರೆ ಬಂತೆಂದು ನಿರಾಳವಾಗುತ್ತಾರೆ. ಇನ್ನು ಕೆಲವರು ಮೆಡಿಕಲ್ ಶಾಪಿಗೆ ಹೋಗಿ ಮುಟ್ಟು ಬರಿಸುವ ಮಾತ್ರೆ ಕೇಳುತ್ತಾರೆ. ಎರಡೂ ಬೇಡ. ಮೊದಲು ಒಂದು ತಾರೀಖು ಹುಡುಕಬೇಕು. ಕಿಟ್ ಯಾವತ್ತು ಹಾಕಬೇಕು, ಸ್ಕ್ಯಾನ್ ಯಾವಾಗ, ಹೆರಿಗೆ ಯಾವಾಗ, ಬೇಡವೆಂದರೆ ಎಷ್ಟು ಸಮಯವಿದೆ, ಎಲ್ಲಕ್ಕೂ ಆ ತಾರೀಖೇ ಬುಡ.

ತಾರೀಖು ಹಿಡಿಯುವುದು

ಬೇಕಾದದ್ದು ಕೊನೆಯ ಸಲ ಮುಟ್ಟಾದ ಮೊದಲ ದಿನ. ಡಾಕ್ಟರ್ ಚೀಟಿಯಲ್ಲಿ ಎಲ್‌ಎಂಪಿ ಎಂದು ಬರೆಯುವುದು ಇದನ್ನೇ. ನಮ್ಮ ಕಡೆ ಬಹಳ ಮಂದಿ ತಲೆಗೆ ನೀರು ಹಾಕಿಕೊಂಡ ದಿನವನ್ನು ಹೇಳಿಬಿಡುತ್ತಾರೆ. ಅದು ಮೂರನೆಯದೋ ಐದನೆಯದೋ ದಿನ ಆಗಿರುತ್ತದೆ, ಲೆಕ್ಕ ಅಲ್ಲೇ ಜಾರುತ್ತದೆ. ಸರಿಯಾಗಿ ನೆನಪಿಲ್ಲದಿದ್ದರೆ ತಾಯಿಯನ್ನು ಕೇಳಿ. ಮುಹೂರ್ತ ಗೊತ್ತು ಮಾಡುವ ಮುಂಚೆ ಅವರು ಇದನ್ನು ವಿಚಾರಿಸಿಯೇ ಇರುತ್ತಾರೆ, ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಸುತ್ತು ಹಾಕಿದ್ದರೂ ಹಾಕಿರಬಹುದು.

ಇಷ್ಟು ಬೇಗ ಹೇಗಾಯಿತು ಎಂಬ ಪ್ರಶ್ನೆಗೂ ಬಹಳ ಸಲ ಉತ್ತರ ಅಲ್ಲೇ ಇರುತ್ತದೆ. ಮದುಮಗಳು ಧಾರೆಯ ದಿನ ಹೊರಗಾಗಬಾರದೆಂದು ಮನೆಯವರು ಮುಹೂರ್ತವನ್ನು ಮುಟ್ಟಿನಿಂದ ದೂರ ಇಡುತ್ತಾರೆ. ಹಿಂದಿನ ಮುಟ್ಟಿಗೂ ಮುಂದಿನದಕ್ಕೂ ದೂರ ಎಂದರೆ ನಟ್ಟನಡುವೆ. 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡ ಬಿಡುಗಡೆಯಾಗುವುದು ಸುಮಾರು 14ನೇ ದಿನ. ವೀರ್ಯಾಣು ಒಳಗೆ ಐದು ದಿನದವರೆಗೆ ಬದುಕಿರಬಲ್ಲದು. ಮನೆಯವರು ಅನುಕೂಲದ ವಾರವೆಂದು ಆರಿಸಿದ್ದೇ ಗರ್ಭ ನಿಲ್ಲುವ ವಾರವೂ ಆಗಿಬಿಡುತ್ತದೆ.

ಮದುವೆಗೆಂದು ಮುಟ್ಟು ಮುಂದೂಡುವ ಮಾತ್ರೆ ನುಂಗಿದ್ದರೆ ಲೆಕ್ಕ ಸ್ವಲ್ಪ ತೊಡಕು. ಸಾಮಾನ್ಯವಾಗಿ ಕೊಡುವುದು ನಾರೆಥಿಸ್ಟರೋನ್ 5 ಮಿಲಿಗ್ರಾಂ, ದಿನಕ್ಕೆ ಮೂರು, ಮುಟ್ಟಿನ ದಿನಕ್ಕೆ ಮೂರು ದಿನ ಮೊದಲು ಶುರು. ನಿಲ್ಲಿಸಿದ ಎರಡು ಮೂರು ದಿನದಲ್ಲಿ ರಕ್ತಸ್ರಾವ ಆಗಬೇಕು. ಇದನ್ನು ಗರ್ಭನಿರೋಧಕ ಎಂದು ನಂಬಿಕೊಂಡು ಮೋಸಹೋದವರು ಕಡಿಮೆಯಿಲ್ಲ. ಈ ರೀತಿ ತೆಗೆದುಕೊಂಡಾಗ ಅದು ಗರ್ಭ ತಡೆಯುತ್ತದೆ ಎಂಬ ಭರವಸೆ ಇಲ್ಲ. ನಿಲ್ಲಿಸಿ ಹತ್ತು ದಿನವಾದರೂ ಮುಟ್ಟಾಗದಿದ್ದರೆ ಕಿಟ್ ಹಾಕಿ. ಡಾಕ್ಟರಿಗೆ ಮೂರು ತಾರೀಖು ಹೇಳಿ: ಮಾತ್ರೆಗೆ ಮೊದಲಿನ ಮುಟ್ಟು, ಮಾತ್ರೆ ಶುರು ಮಾಡಿದ ದಿನ, ನಿಲ್ಲಿಸಿದ ದಿನ.

72 ಗಂಟೆಯೊಳಗೆ ನುಂಗುವ ತುರ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಂಡಿದ್ದರೂ ಮುಟ್ಟು ಒಂದು ವಾರ ಹಿಂದೆ ಮುಂದೆ ಆಗಬಹುದು. ಒಂದು ವಾರಕ್ಕಿಂತ ತಡವಾದರೆ ಪರೀಕ್ಷೆ ಮಾಡಿಕೊಳ್ಳಿ. ಮಾತ್ರೆ ಕೆಲಸ ಮಾಡದೆ ಗರ್ಭ ನಿಂತಿದ್ದರೆ ಆ ಮಾತ್ರೆಯಿಂದ ಮಗುವಿಗೆ ಕೆಡುಕಾಗುತ್ತದೆ ಎಂದು ಹೆದರಬೇಕಿಲ್ಲ.

ಕಿಟ್ ಹಾಕುವ ದಿನ, ಹಾಕುವ ರೀತಿ

ಮುಟ್ಟು ಸರಿಯಾಗಿ ಆಗುವವರು ಆಗಬೇಕಾದ ದಿನ ತಪ್ಪಿದ ಮಾರನೇ ದಿನ ನೋಡಬಹುದು. ನಮ್ಮ ಸಲಹೆ ಇನ್ನೊಂದು ನಾಲ್ಕೈದು ದಿನ ತಡೆದುಕೊಳ್ಳಿ ಎಂದು, ಆದರೆ ಅಷ್ಟು ತಾಳ್ಮೆ ಯಾರಿಗಿದೆ! ಪಿಸಿಒಡಿ ಎಂಬ ಅಂಡಾಶಯದ ತೊಂದರೆ ಇದ್ದು ಮುಟ್ಟು ಏರುಪೇರಾಗುವವರಿಗೆ ತಪ್ಪಿದ ದಿನ ಎಂಬುದೇ ಇರುವುದಿಲ್ಲ. ಅವರು ಕೊನೆಯ ಸಲ ಕೂಡಿದ ದಿನದಿಂದ 21 ದಿನ ಎಣಿಸಲಿ. ಅಷ್ಟಾದ ಮೇಲೂ ಒಂದೇ ಗೆರೆ ಬಂದರೆ ಆ ಉತ್ತರವನ್ನು ನಂಬಬಹುದು.

ಪ್ರೆಗಾ ನ್ಯೂಸ್, ಐ-ಕ್ಯಾನ್ ಮುಂತಾದ ಹೆಸರಿನಲ್ಲಿ ಸಿಗುವ ಕಿಟ್‌ಗಳೆಲ್ಲ ಒಂದೇ ತತ್ವದವು, ದುಬಾರಿಯದು ಹೆಚ್ಚು ನಿಜ ಹೇಳುವುದಿಲ್ಲ. ಬೀದಿ ಕೊನೆಯ ಮೆಡಿಕಲ್ ಶಾಪಿನವರು ಮಾವನವರಿಗೆ ಪರಿಚಯ ಎಂಬ ಮುಜುಗರವಿದ್ದರೆ ಮೈಸೂರಿನ ದೇವರಾಜ ಅರಸು ರಸ್ತೆಯಲ್ಲೋ ಮಂಡ್ಯದ ವಿ.ವಿ. ರಸ್ತೆಯಲ್ಲೋ ಕೊಂಡರಾಯಿತು. ಹಳ್ಳಿಯಲ್ಲಿರುವವರಿಗೆ ಆಶಾ ಕಾರ್ಯಕರ್ತೆಯ ಬಳಿ ಸರ್ಕಾರದ 'ನಿಶ್ಚಯ್' ಕಿಟ್ ಉಚಿತ. ಎರಡು ಕೊಳ್ಳಿ, ಎರಡೂ ಒಂದೇ ಕಂಪನಿಯದಿರಲಿ. ಏಕೆಂಬುದು ಮುಂದೆ ಗೊತ್ತಾಗುತ್ತದೆ. ಅವಧಿ ಮುಗಿದಿಲ್ಲವೇ ನೋಡಿಕೊಳ್ಳಿ.

ಬೆಳಗ್ಗೆ ಎದ್ದ ತಕ್ಷಣದ ಮೂತ್ರವೇ ಒಳ್ಳೆಯದು. ರಾತ್ರಿಯಿಡೀ ನಿಂತಿದ್ದರಿಂದ ಅದರಲ್ಲಿ ಎಚ್‌ಸಿಜಿ, ಅಂದರೆ ಗರ್ಭ ನಿಂತಾಗ ಬರುವ, ಕಿಟ್ ಹುಡುಕುವ ಹಾರ್ಮೋನು ಗಟ್ಟಿಯಾಗಿರುತ್ತದೆ. ಸ್ವಲ್ಪ ಬಿಟ್ಟು, ನಡುವಿನದನ್ನು ಒಣಗಿದ ಸ್ವಚ್ಛ ಲೋಟಕ್ಕೆ ಹಿಡಿಯಿರಿ. ಸೋಪಿನ ಅಂಶ ಉಳಿದ ಲೋಟ ಬೇಡ. ಪೊಟ್ಟಣವನ್ನು ಹಿಂದಿನ ರಾತ್ರಿಯೇ ಹರಿದಿಡಬೇಡಿ, ತೇವ ಎಳೆದುಕೊಂಡರೆ ಪಟ್ಟಿ ಕೆಡುತ್ತದೆ. ಕಿಟ್ಟನ್ನು ಸಮತಟ್ಟಾದ ಜಾಗದಲ್ಲಿಟ್ಟು, ಜೊತೆಗಿರುವ ಡ್ರಾಪರ್‌ನಿಂದ ಗುಂಡಗಿನ ಗುಳಿಗೆ ಮೂರು ಹನಿ ಬಿಡಿ. ಹನಿಯ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ ಇರಬಹುದು, ಪೊಟ್ಟಣದ ಮೇಲಿನದೇ ಅಂತಿಮ. ಹೆಚ್ಚು ಸುರಿದರೆ ಬಣ್ಣ ಕಲಸಿ ಹರಡಿಕೊಂಡು ಗೆರೆ ಮೂಡುವುದಿಲ್ಲ. ಫೋನಿನಲ್ಲಿ ಐದು ನಿಮಿಷಕ್ಕೆ ಅಲಾರಂ ಇಡಿ.

ಗೆರೆ ಓದುವಲ್ಲಿ ಎಡವಟ್ಟು

ಸಿ ಎಂಬಲ್ಲಿ ಗೆರೆ ಬಂದೇ ಬರಬೇಕು. ಬರದಿದ್ದರೆ ಆ ಕಿಟ್ ಕೆಟ್ಟಿದೆ, ಟಿ ಗೆರೆ ಬಂದಿದ್ದರೂ ಲೆಕ್ಕಕ್ಕಿಲ್ಲ. ಸಿ ಜೊತೆಗೆ ಟಿ ಎಂಬಲ್ಲೂ ಬಣ್ಣದ ಗೆರೆ ಬಂದರೆ ಗರ್ಭ ನಿಂತಿದೆ ಎಂದೇ ಅರ್ಥ, ಎಷ್ಟೇ ತೆಳುವಾಗಿರಲಿ. ತೆಳು ಗೆರೆ ಎಂದರೆ ಅರ್ಧ ಬಸಿರು ಅಲ್ಲ, ಹಾರ್ಮೋನು ಇನ್ನೂ ಕಡಿಮೆ ಇದೆ ಅಷ್ಟೇ.

ಆದರೆ ಒಂದು ಕಪಟ ಗೆರೆ ಇದೆ. ಕಿಟ್ಟನ್ನು ಸ್ನಾನದ ಮನೆಯ ಗೂಡಿನಲ್ಲೇ ಬಿಟ್ಟು ತಿಂಡಿ ಮುಗಿಸಿ ಬಂದು ನೋಡಿದರೆ ಟಿ ಜಾಗದಲ್ಲಿ ಬೂದು ಬಣ್ಣದ, ಪೆನ್ಸಿಲ್‌ನಿಂದ ಎಳೆದಂಥ ಸಣ್ಣ ಗೀರು ಕಾಣಬಹುದು. ಅದು ಮೂತ್ರ ಒಣಗಿದ ಗುರುತು. ನಿಜವಾದ ಗೆರೆಗೆ ಸಿ ಗೆರೆಯ ಬಣ್ಣವೇ ಇರುತ್ತದೆ, ಅಷ್ಟೇ ಅಗಲ ಇರುತ್ತದೆ, ಹೇಳಿದ ಸಮಯದೊಳಗೇ ಮೂಡುತ್ತದೆ. ಹತ್ತು ನಿಮಿಷ ಕಳೆದ ಮೇಲೆ ಕಂಡದ್ದನ್ನು ನಂಬಬೇಡಿ.

ಅನುಮಾನ ಬಂದರೆ ಎರಡನೇ ಕಿಟ್ಟನ್ನು ಅದೇ ಹೊತ್ತಿಗೆ ಹಾಕದೆ ಎರಡು ಮೂರು ದಿನ ಬಿಟ್ಟು ಹಾಕಿ. ಮೊದಲ ವಾರಗಳಲ್ಲಿ ಎಚ್‌ಸಿಜಿ ಸುಮಾರು 48ರಿಂದ 72 ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ. ಆದ್ದರಿಂದ ಅದೇ ಕಂಪನಿಯ ಕಿಟ್‌ನಲ್ಲಿ ಗೆರೆ ಗಾಢವಾಗಬೇಕು. ಮೊದಲು ಎರಡು ಗೆರೆ ಬಂದು, ನಾಲ್ಕು ದಿನದಲ್ಲಿ ಒಂದೇ ಗೆರೆಯಾಗಿ ಮುಟ್ಟಾದರೆ, ಗರ್ಭ ನಿಲ್ಲುತ್ತಲೇ ಇಳಿದುಹೋಗಿದೆ. ಇದು ಸಾಮಾನ್ಯ, ಬೈಕಿನಲ್ಲಿ ಹೋದದ್ದರಿಂದಲೋ ಬಕೆಟ್ ಎತ್ತಿದ್ದರಿಂದಲೋ ಆದದ್ದಲ್ಲ. ಒಮ್ಮೆ ಡಾಕ್ಟರಿಗೆ ತಿಳಿಸಿ ಸಾಕು.

ಗರ್ಭ ಇದ್ದೂ ಒಂದೇ ಗೆರೆ ಬರುವುದಕ್ಕೆ ಮುಖ್ಯ ಕಾರಣ ಅವಸರ. ಎರಡನೆಯದು, ತಂಬಿಗೆಗಟ್ಟಲೆ ನೀರು ಕುಡಿದು ಮಧ್ಯಾಹ್ನ ಪರೀಕ್ಷೆ ಮಾಡುವುದು. ಒಂದು ವಾರ ಬಿಟ್ಟು ಮತ್ತೆ ಮಾಡಿದರೂ ಒಂದೇ ಗೆರೆ, ಮುಟ್ಟೂ ಇಲ್ಲ ಎಂದಾದರೆ ಥೈರಾಯ್ಡ್, ಪಿಸಿಒಡಿ ಕಡೆ ನೋಡಬೇಕಾಗುತ್ತದೆ, ಡಾಕ್ಟರನ್ನು ಕಾಣಿ. ಮುಟ್ಟಿನ ಹೊತ್ತಿಗೆ ನಾಲ್ಕು ಹನಿ ಕಂಡು ನಿಂತುಹೋದದ್ದನ್ನು ಮುಟ್ಟು ಎಂದು ಬರೆದಿಡಬೇಡಿ. ಗರ್ಭ ಕಟ್ಟುವಾಗಲೂ ಹಾಗಾಗುತ್ತದೆ, ತಿಂಗಳ ಲೆಕ್ಕವೇ ನಾಲ್ಕು ವಾರ ತಪ್ಪುತ್ತದೆ.

ಎರಡು ಗೆರೆ ಬಂದ ದಿನವೇ

ಮಗು ಇರಲಿ ಎನ್ನುವ ಯೋಚನೆಯಿದ್ದರೆ ಅಂದಿನಿಂದಲೇ ಫೋಲಿಕ್ ಆಸಿಡ್, ದಿನಕ್ಕೆ 400 ಮೈಕ್ರೋಗ್ರಾಂ. ಮಗುವಿನ ಮೆದುಳು, ಬೆನ್ನುಹುರಿಯ ನಾಳ ಮುಚ್ಚುವುದು ಗರ್ಭ ಕಟ್ಟಿದ ಸುಮಾರು 28 ದಿನಕ್ಕೆ, ಅಂದರೆ ಆರನೇ ವಾರದ ಹೊತ್ತಿಗೆ. ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗುವವರೆಗೆ ಕಾದರೆ ಆ ಹೊತ್ತು ದಾಟಿರುತ್ತದೆ. ಅಂಗಡಿಯಲ್ಲಿ 5 ಮಿಲಿಗ್ರಾಂ ಮಾತ್ರೆ ಕೊಟ್ಟರೆ ಅದು ಹನ್ನೆರಡು ಪಟ್ಟಿಗೂ ಮೀರಿದ್ದು. ಸಕ್ಕರೆ ಕಾಯಿಲೆ ಇರುವವರು, ಮೂರ್ಛೆ ರೋಗಕ್ಕೆ ಮಾತ್ರೆ ತೆಗೆದುಕೊಳ್ಳುವವರು ಇಂಥವರಿಗೆ ಡಾಕ್ಟರೇ ಅದನ್ನು ಬರೆಯುತ್ತಾರೆ. ಉಳಿದವರು ಮೈಕ್ರೋಗ್ರಾಂ ಲೆಕ್ಕದ್ದನ್ನೇ ಕೇಳಿ ಪಡೆಯಿರಿ.

ಮದುವೆಗೆ ಮುಖ ತಿಳಿಯಾಗಲೆಂದು ಮೊಡವೆಗೆ ಐಸೊಟ್ರೆಟಿನಾಯಿನ್ ನುಂಗುತ್ತಿದ್ದರೆ ಈಗಲೇ ನಿಲ್ಲಿಸಿ, ಅಂದೇ ಡಾಕ್ಟರಿಗೆ ತಿಳಿಸಿ. ಮಗುವಿನ ಅಂಗಾಂಗಗಳಿಗೆ ಅದು ತೀರಾ ಅಪಾಯಕಾರಿ, ಹೊಸ ಮದುಮಕ್ಕಳಲ್ಲಿ ಯಾರೂ ಕೇಳದೆ ಬಿಟ್ಟುಹೋಗುವ ಸಂಗತಿಯೂ ಇದೇ. ರೆಟಿನಾಯ್ಡ್ ಕ್ರೀಮುಗಳನ್ನೂ ಬದಿಗಿಡಿ. ಐಬುಪ್ರೊಫೆನ್ ಬೇಡ, ತಲೆನೋವು ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮದ್ಯ, ಸಿಗರೇಟು ಬಿಡಿ. ಥೈರಾಯ್ಡ್ ಮತ್ತು ಮೂರ್ಛೆ ರೋಗದ ಮಾತ್ರೆಗಳನ್ನು ಮಾತ್ರ ನೀವಾಗಿ ನಿಲ್ಲಿಸಲೇಬೇಡಿ. ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನು ಬಹುಪಾಲು ಹೆಚ್ಚಿಸಬೇಕಾಗುತ್ತದೆ.

ತಿನ್ನುವುದರಲ್ಲಿ ದೊಡ್ಡ ಬದಲಾವಣೆ ಬೇಕಿಲ್ಲ. ಮುದ್ದೆ, ಬಸ್ಸಾರು, ಮೊಳಕೆ ಕಾಳು ಹುಳಿ, ಮೊಟ್ಟೆ ಎಲ್ಲ ಆಗುತ್ತದೆ. ಪರಂಗಿಕಾಯಿ ಬೇಡ, ಚೆನ್ನಾಗಿ ಹಣ್ಣಾದದ್ದರ ಒಂದು ಹೋಳಿನಿಂದ ಏನೂ ಆಗುವುದಿಲ್ಲ. ಕಾಫಿ ದಿನಕ್ಕೆ ಎರಡು ಸಣ್ಣ ಲೋಟಕ್ಕೆ ಇಳಿಸಿ.

ಡಾಕ್ಟರ್, ರಕ್ತ, ಸ್ಕ್ಯಾನ್

ಎರಡು ಗೆರೆ ಗರ್ಭ ಇದೆ ಎನ್ನುತ್ತದೆ, ಎಲ್ಲಿದೆ ಎನ್ನುವುದಿಲ್ಲ. ಗರ್ಭಕೋಶದ ಹೊರಗೆ, ಅಂಡನಾಳದಲ್ಲಿ ನಿಂತಿದ್ದರೂ ಕಿಟ್‌ನಲ್ಲಿ ಎರಡೇ ಗೆರೆ. ಅದನ್ನು ತೀರ್ಮಾನಿಸುವುದು ಸ್ಕ್ಯಾನ್. ಅಂಗಡಿಯಲ್ಲಿ 'ಇಳಿಸುವ ಮಾತ್ರೆ' ಕೊಂಡು ನುಂಗುವುದು ಜೀವಕ್ಕೇ ಮುಳುವಾಗುವುದು ಇಲ್ಲಿಯೇ: ನಾಳದ ಗರ್ಭ ಆ ಮಾತ್ರೆಗೆ ಜಗ್ಗುವುದಿಲ್ಲ, ರಕ್ತ ಹೋದದ್ದನ್ನು ನೋಡಿ ಎಲ್ಲ ಮುಗಿಯಿತೆಂದುಕೊಂಡಿರುವಾಗ ನಾಳ ಒಡೆಯುತ್ತದೆ.

ಮೈಸೂರಿನಲ್ಲಿ ಸರ್ಕಾರಿ ವ್ಯವಸ್ಥೆ ಬೇಕೆಂದರೆ ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರು ಮಾಡಿ. ದೊಡ್ಡದಕ್ಕೆ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಚೆಲುವಾಂಬ ಆಸ್ಪತ್ರೆ ಇದೆ. ಮಂಡ್ಯದವರಿಗೆ ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್ ಇದೆ. ಮದ್ದೂರು, ಮಳವಳ್ಳಿ, ಪಾಂಡವಪುರ, ಕೆ.ಆರ್. ಪೇಟೆ ಕಡೆಯವರಿಗೆ ಆಯಾ ತಾಲ್ಲೂಕು ಆಸ್ಪತ್ರೆ. ಖಾಸಗಿಯಲ್ಲಿ ತೋರಿಸಿದರೂ ತಾಯಿ ಕಾರ್ಡ್, ಅಂದರೆ ಗರ್ಭಿಣಿಯ ಸರ್ಕಾರಿ ನೋಂದಣಿ ಕಾರ್ಡ್, ಮಾಡಿಸಲು ಅಡ್ಡಿಯಿಲ್ಲ.

ನೋವು, ರಕ್ತಸ್ರಾವ ಇಲ್ಲದಿದ್ದರೆ ಮೊದಲ ಸ್ಕ್ಯಾನಿಗೆ ಏಳು ಎಂಟು ವಾರದ ಹೊತ್ತು ಒಳ್ಳೆಯದು. ಐದನೇ ವಾರದಲ್ಲಿ ಕಾಣುವುದು ಬರೀ ಚೀಲ, ಎದೆಬಡಿತ ಸಿಗುವುದು ಆರನೇ ವಾರ ದಾಟಿದ ಮೇಲೆ. ಆತುರಪಟ್ಟು ಐದಕ್ಕೇ ಹೋದರೆ ಬಡಿತ ಕಾಣುತ್ತಿಲ್ಲ ಎಂಬ ಒಂದು ಮಾತಿಗೆ ಹತ್ತು ದಿನ ನಿದ್ದೆಗೆಡಬೇಕಾಗುತ್ತದೆ. ಹೊಟ್ಟೆಯ ಮೇಲಿನಿಂದ ನೋಡುವ ಸ್ಕ್ಯಾನಿಗೆ ಮೂತ್ರಚೀಲ ತುಂಬಿರಬೇಕು, ಒಂದು ಗಂಟೆ ಮೊದಲು ನೀರು ಕುಡಿದು ಹೋಗಿ. ಇಷ್ಟು ಮೊದಲಿಗೆ ಯೋನಿಯ ಮೂಲಕ ಮಾಡುವ ಸ್ಕ್ಯಾನೇ ಹೆಚ್ಚು ಸ್ಪಷ್ಟ. ಅದಕ್ಕೆ ಮೂತ್ರ ಮಾಡಿ ಬರಬೇಕು. ಅದರಿಂದ ಗರ್ಭಕ್ಕೆ ತೊಂದರೆಯಿಲ್ಲ. ಮಾಡುವ ಮೊದಲು ನಿಮ್ಮ ಒಪ್ಪಿಗೆ ಕೇಳಬೇಕು, ಜೊತೆಗೆ ಒಬ್ಬ ನರ್ಸ್ ಇರಲಿ ಎಂದು ನೀವು ಕೇಳಬಹುದು. ಗುರುತಿನ ಚೀಟಿ ಒಯ್ಯಿರಿ. 1994ರ ಲಿಂಗ ಪತ್ತೆ ನಿಷೇಧ ಕಾಯ್ದೆಯಂತೆ ಪ್ರತಿ ಗರ್ಭಿಣಿಯ ಸ್ಕ್ಯಾನಿಗೂ ಫಾರಂ ಎಫ್ ತುಂಬಿಸಿಕೊಳ್ಳುತ್ತಾರೆ. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ಅಪರಾಧ.

ರಕ್ತದ ಬೀಟಾ ಎಚ್‌ಸಿಜಿ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ನೋವು ಇದ್ದರೆ, ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ, ಕಿಟ್ ಗೊಂದಲ ಮಾಡಿದರೆ ಬರೆಯುತ್ತಾರೆ. 5ಕ್ಕಿಂತ ಕಡಿಮೆ ಇದ್ದರೆ ಗರ್ಭವಿಲ್ಲ, 25 ದಾಟಿದರೆ ಇದೆ, ನಡುವಿನದಕ್ಕೆ ಮತ್ತೆ ನೋಡಬೇಕು. ಒಂದು ಸಲದ ಅಂಕಿಗಿಂತ 48 ಗಂಟೆ ಬಿಟ್ಟು ಅದೇ ಲ್ಯಾಬಿನಲ್ಲಿ ಮಾಡಿದ ಎರಡನೇ ಅಂಕಿ ಹೆಚ್ಚು ಹೇಳುತ್ತದೆ. ಉಳಿದ ರಕ್ತಪರೀಕ್ಷೆಗಳು ಮಾಮೂಲಿನವು: ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಥೈರಾಯ್ಡ್, ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್. ನಿಮ್ಮದು ನೆಗೆಟಿವ್ ಗುಂಪಾದರೆ ಗಂಡನ ಗುಂಪನ್ನೂ ನೋಡಿಸಿ.

ಮದುವೆಗೆ ಐದು ವಾರ, ಗರ್ಭಕ್ಕೆ ಏಳು ವಾರ

ಹೊಸ ದಂಪತಿಗಳ ಮನೆಯಲ್ಲಿ ಜಗಳಕ್ಕೇ ಕಾರಣವಾಗುವ ಲೆಕ್ಕ ಇದು. ಮೇ 4ರಂದು ಮುಟ್ಟು, ಮೇ 18ರಂದು ಧಾರೆ ಎಂದುಕೊಳ್ಳಿ. ಜೂನ್ 22ಕ್ಕೆ ಸ್ಕ್ಯಾನ್ ಮಾಡಿಸಿದರೆ ರಿಪೋರ್ಟಿನಲ್ಲಿ 7 ವಾರ ಎಂದಿರುತ್ತದೆ. ಮದುವೆಯಾಗಿ ಆಗಿರುವುದು 5 ವಾರ. "ಅದ್ಯಾವ ಲೆಕ್ಕವವ್ವಾ ಇದು?" ಎಂದು ಅತ್ತೆ ಕೇಳುವ ಮೊದಲೇ ಗಂಡ ಹೆಂಡತಿ ಇಬ್ಬರೂ ಇದನ್ನು ತಿಳಿದಿರಬೇಕು. ಅಂಡ ಎಂದು ಬಿಡುಗಡೆಯಾಯಿತು ಎಂದು ಯಾರಿಗೂ ಕಾಣುವುದಿಲ್ಲ, ಮುಟ್ಟು ಕಾಣುತ್ತದೆ. ಅದಕ್ಕೇ ಲೋಕದ ಎಲ್ಲ ಡಾಕ್ಟರುಗಳೂ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಆ ಲೆಕ್ಕದಲ್ಲಿ ಗರ್ಭ ಕಟ್ಟುವ ಹೊತ್ತಿಗೇ ಎರಡು ವಾರ ತುಂಬಿರುತ್ತದೆ. ಈ ಮಾತನ್ನು ಮನೆಯ ಹಿರಿಯರಿಗೆ ಡಾಕ್ಟರ್ ಬಾಯಲ್ಲೇ ಹೇಳಿಸುವುದು ಉತ್ತಮ, ಸೊಸೆ ಹೇಳಿದರೆ ವಾದವಾಗುತ್ತದೆ.

ಹೆರಿಗೆಯ ದಿನ ತಿಳಿಯಲು ಮುಟ್ಟಿನ ಮೊದಲ ದಿನವಾದ ಮೇ 4ಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಫೆಬ್ರವರಿ 11. ಸ್ಕ್ಯಾನ್ ಮೆಷಿನ್ 280 ದಿನ ಎಣಿಸಿ ಫೆಬ್ರವರಿ 8 ಎನ್ನುತ್ತದೆ. ತಿಂಗಳುಗಳ ಉದ್ದ ಬೇರೆ ಬೇರೆ ಇರುವುದರಿಂದ ಬಂದ ವ್ಯತ್ಯಾಸ, ತಲೆ ಕೆಡಿಸಿಕೊಳ್ಳಬೇಡಿ. ಒಂಬತ್ತು ವಾರದೊಳಗಿನ ಸ್ಕ್ಯಾನಿನಲ್ಲಿ ಮಗುವಿನ ಉದ್ದ ಮುಟ್ಟಿನ ಲೆಕ್ಕಕ್ಕಿಂತ 5 ದಿನಕ್ಕೂ ಮೀರಿ ಬೇರೆ ಬಂದರೆ ಮಾತ್ರ ಸ್ಕ್ಯಾನಿನ ದಿನವನ್ನೇ ಹಿಡಿಯುತ್ತಾರೆ. ಹಾಗೆ ಒಮ್ಮೆ ನಿಗದಿಯಾದ ದಿನವನ್ನು ಏಳನೇ ತಿಂಗಳ ಸ್ಕ್ಯಾನ್ ನೋಡಿ ಬದಲಿಸುವುದಿಲ್ಲ.

ಕಾಯಬಾರದ ಲಕ್ಷಣಗಳು

ಕಿಬ್ಬೊಟ್ಟೆಯ ಒಂದು ಬದಿಗೆ ಚುಚ್ಚುವ ನೋವು, ಜೊತೆಗೆ ರಕ್ತ, ಭುಜದ ತುದಿಯಲ್ಲಿ ನೋವು, ಕಣ್ಣು ಕತ್ತಲೆ ಬಂದು ಬೀಳುವಂತಾಗುವುದು: ಇವು ನಾಳದ ಗರ್ಭದ ಗುರುತು. ಬೆಳಗಾಗಲಿ ಎನ್ನಬೇಡಿ, 108ಕ್ಕೆ ಫೋನ್ ಮಾಡಿ. ಗಂಟೆಗೊಂದರಂತೆ ಪ್ಯಾಡ್ ತುಂಬುವಷ್ಟು ರಕ್ತ ಹೋದರೂ ಹಾಗೆಯೇ. ಒಂದು ದಿನವಿಡೀ ನೀರು ಕೂಡ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿ ಆಗುತ್ತಿದ್ದು, ಮೂತ್ರ ಗಾಢ ಹಳದಿಯಾದರೆ ಡ್ರಿಪ್ ಬೇಕಾಗುತ್ತದೆ. ಬಸುರಿ ಎಂದಮೇಲೆ ವಾಂತಿ ಇದ್ದದ್ದೇ ಎಂಬ ಮಾತು ಇಲ್ಲಿ ಸಲ್ಲದು.

ಈಗಲೇ ಬೇಡ ಎನಿಸಿದರೆ

ಇದನ್ನು ಯೋಚಿಸುವುದು ಪಾಪವೂ ಅಲ್ಲ, ಗುಟ್ಟಾಗಿ ಮಾಡಬೇಕಾದ ಕೆಲಸವೂ ಅಲ್ಲ. 1971ರ ಗರ್ಭಪಾತ ಕಾಯ್ದೆ, ಅದರ 2021ರ ತಿದ್ದುಪಡಿಯಂತೆ ಗರ್ಭನಿರೋಧಕ ಕೈಕೊಟ್ಟಿತು ಎಂಬುದೂ ಗರ್ಭಪಾತಕ್ಕೆ ಕಾನೂನಿನ ಕಾರಣ. 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. 18 ತುಂಬಿದ ಹೆಂಗಸಿನ ಸಹಿಯೊಂದೇ ಬೇಕು, ಗಂಡನದೂ ಅತ್ತೆಮಾವನದೂ ಕಾನೂನು ಕೇಳುವುದಿಲ್ಲ. ವೈದ್ಯರು ಗುಟ್ಟು ಕಾಪಾಡಬೇಕು. ಮಾತ್ರೆಯಿಂದ ಆಗುವುದು 9 ವಾರದವರೆಗೆ, ಅದೂ ಗರ್ಭ ಎಲ್ಲಿದೆ ಎಂದು ಖಚಿತವಾದ ಮೇಲೆ, ಡಾಕ್ಟರ್ ಬರೆದುಕೊಟ್ಟರೆ ಮಾತ್ರ. ವಾರ ಎಣಿಸುವುದು ಇಲ್ಲೂ ಮುಟ್ಟಿನಿಂದಲೇ. ಮದುವೆಯ ದಿನದಿಂದ ಎಣಿಸಿ ಇನ್ನೂ ಎರಡು ವಾರ ಇದೆ ಎಂದುಕೊಂಡು ಕೂತರೆ ಸಮಯ ಮೀರಿರುತ್ತದೆ. ಚೊಚ್ಚಲನ್ನು ತೆಗೆಸಿದರೆ ಮುಂದೆ ಮಕ್ಕಳೇ ಆಗುವುದಿಲ್ಲ ಎಂದು ಹೆದರಿಸುವವರಿರುತ್ತಾರೆ. ಸರಿಯಾದ ಆಸ್ಪತ್ರೆಯಲ್ಲಿ ಸರಿಯಾಗಿ ಮಾಡಿದ ಗರ್ಭಪಾತದಿಂದ ಸಾಮಾನ್ಯವಾಗಿ ಹಾಗಾಗುವುದಿಲ್ಲ.

ತಾಯಿ ಕಾರ್ಡ್ ಮತ್ತು ಆಷಾಢ

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂಬ ಪದ್ಧತಿ ಇದೆ, ಆದರೆ 12 ವಾರದೊಳಗೆ ನೋಂದಾಯಿಸಿ ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ನೆಂಟರಿಗೆ ಹೇಳದೆಯೂ ಆಶಾ ಕಾರ್ಯಕರ್ತೆಗೆ ಹೇಳಬಹುದು. ಅಕ್ಕಪಕ್ಕದ ಮನೆಗೆ ಗೊತ್ತಾಗುವುದು ಬೇಡ ಎಂದು ಅವರಿಗೆ ಬಾಯಿಬಿಟ್ಟು ಹೇಳಿ. ಇಲ್ಲವೇ ನೇರವಾಗಿ ಆರೋಗ್ಯ ಕೇಂದ್ರಕ್ಕೇ ಹೋಗಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ಫೋನ್ ನಂಬರ್ ಬೇಕಾಗುತ್ತವೆ.

ಹೊಸ ಮದುಮಗಳ ಕಾಗದಪತ್ರದಲ್ಲಿ ತೊಡಕಾಗುವುದು ಹೆಸರು. ತಾಯಿ ಕಾರ್ಡಿನಲ್ಲಿ ಗಂಡನ ಹೆಸರು ಸೇರಿಸಿ ಬರೆಸಿ, ಆಧಾರ್‌ನಲ್ಲಿ ತಂದೆಯ ಹೆಸರೇ ಇದ್ದು, ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಬೇರೆಯಾದರೆ ಗರ್ಭಿಣಿಯರಿಗೆ ಕೇಂದ್ರ ಸರ್ಕಾರ ಕೊಡುವ ಮಾತೃವಂದನಾ ಯೋಜನೆಯ ಹಣ ತಡೆದುಹೋಗುತ್ತದೆ. ಹೆರಿಗೆ ಮುಗಿಯುವವರೆಗೆ ಆಧಾರ್‌ನಲ್ಲಿರುವ ಹೆಸರೇ ಎಲ್ಲ ಕಡೆ ಇರಲಿ, ಖಾತೆ ಆಧಾರ್‌ಗೆ ಜೋಡಣೆಯಾಗಿರಲಿ. ಬಿಪಿಎಲ್ ಕಾರ್ಡ್ ಮುಂತಾದ ಅರ್ಹತೆ ಇರುವವರಿಗೆ ಮೊದಲ ಮಗುವಿಗೆ ಸಿಗುವುದು 5,000 ರೂಪಾಯಿ: ನೋಂದಣಿ ಮತ್ತು ಒಂದು ತಪಾಸಣೆ ಆದಮೇಲೆ 3,000, ಮಗುವಿನ ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆ ಆದಮೇಲೆ 2,000. ಅಂಗನವಾಡಿಯಲ್ಲಿ ಗರ್ಭಿಣಿಯರಿಗಿರುವ ಮಾತೃಪೂರ್ಣ ಯೋಜನೆಯ ಊಟಕ್ಕೂ ಹೆಸರು ಬರೆಸಬಹುದು. ನಾಲ್ಕನೇ ತಿಂಗಳಿನಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ.

ಬೇಸಿಗೆಯಲ್ಲಿ ಮದುವೆಯಾದವರಿಗೆ ಅಷ್ಟರಲ್ಲಿ ಆಷಾಢ ಬಂದಿರುತ್ತದೆ, ತವರಿಗೆ ಹೊರಡುವ ಹೊತ್ತು. ಕಾರ್ಡ್ ಎಲ್ಲಿ ಮಾಡಿಸಿದರೂ ಅದರ ಮೇಲಿನ ಆರ್‌ಸಿಎಚ್ ಸಂಖ್ಯೆ, ಅಂದರೆ ಸರ್ಕಾರಿ ದಾಖಲೆಯಲ್ಲಿ ನಿಮ್ಮ ಗುರುತಿನ ಸಂಖ್ಯೆ, ಒಂದೇ. ತವರಿನ ಆರೋಗ್ಯ ಕೇಂದ್ರದಲ್ಲಿ ಅದನ್ನೇ ತೋರಿಸಿ, ಎರಡನೇ ಕಾರ್ಡ್ ಮಾಡಿಸಬೇಡಿ. ಸ್ಕ್ಯಾನ್ ರಿಪೋರ್ಟ್ ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಮುಂದಿನ ಮುಖ್ಯ ಸ್ಕ್ಯಾನ್ 11 ವಾರದಿಂದ 13 ವಾರ 6 ದಿನದೊಳಗೆ ಆಗಬೇಕು. ಮೇಲಿನ ಉದಾಹರಣೆಯಲ್ಲಿ ಅದು ಜುಲೈ 20ರಿಂದ ಆಗಸ್ಟ್ 9ರ ನಡುವೆ ಬರುತ್ತದೆ, ಅಂದರೆ ತವರಿಂದ ಗಂಡನ ಮನೆಗೆ ಮರಳುವ ಆಸುಪಾಸು. ಯಾವ ಊರಿನ ಸೆಂಟರ್ ಎಂದು ಹೊರಡುವ ಮೊದಲೇ ತೀರ್ಮಾನಿಸಿ ದಿನ ಬುಕ್ ಮಾಡಿಕೊಳ್ಳಿ.